ಡಿಸ್ಕಿಗೆ ಬೀಗ: ಮೂರನೆಯ ವಾರ

ರಿಪೇರಿಗೆ ಹೋದ ಕಂಪ್ಯೂಟರ್ ಮನೆಗೆ ಮರಳಿದ ದಿನ, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯಲ್ಲಿ ಅಮ್ಮನ ಸ್ಕ್ಯಾನಿಂಗ್ ವರದಿ ಮೇಲೆಯೇ ಇತ್ತು. ತೆರೆದವರು ಮನೆಯವರಲ್ಲ. ರಿಪೇರಿಯವರು ಕೇಳಿದರೆಂದು ಲಾಗಿನ್ ಪಾಸ್‌ವರ್ಡ್ ಕೊಟ್ಟಿದ್ದೆ. ಕೊಡದಿದ್ದರೂ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವೂ ಓದಲು ಸಿಗುತ್ತಿತ್ತು. ಆ ಸಂಕಟ ಇನ್ನೂ ಆರಿಲ್ಲ. ಅಮ್ಮನ ವರದಿಗಳು, ಕುವೆಂಪುನಗರದ ಈ ಮನೆಯ ಕ್ರಯಪತ್ರ, ಅಪ್ಪನ ದಿನಚರಿಯ ಪ್ರತಿ, ಇವಿಷ್ಟಕ್ಕೂ 500 ಜಿಬಿಯ ಬೇರೊಂದು ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಎಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಮಾಡಿ, ಅದಕ್ಕೆ ಸಾಗಿಸುವ ಕೆಲಸ ಅಂದೇ ಶುರುವಾಯಿತು. ನಾನು ಆರಿಸಿದ್ದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಡಿಸ್ಕಿಗೆ ಹೀಗೆ ಬೀಗ ಹಾಕುವ ಲಕ್ಸ್ ವಿಧಾನ.

ಮೊದಲ ವಾರ ಹಳೆಯ ಗುರುತುಗಳನ್ನು ಅಳಿಸುವುದರಲ್ಲೇ ಕಳೆಯಿತು. ಈ ಡಿಸ್ಕ್ ಮೊದಲೇ ಬಳಸಿದ್ದು. ಫೈಲ್ ಅಳಿಸಿದರೂ ಅದರೊಳಗಿದ್ದದ್ದು ಡಿಸ್ಕಿನ ಮೇಲೆ ಉಳಿದೇ ಇರುತ್ತದೆ, ಆದ್ದರಿಂದ ತುದಿಯಿಂದ ತುದಿಗೆ ಹೊಸದಾಗಿ ಬರೆಯಬೇಕು. ಸುಮಾರು ಒಂದೂವರೆ ಗಂಟೆಯ ಕೆಲಸ. ಅರ್ಧ ದಾರಿಯಲ್ಲಿ ಮಳೆ ಬಂದು ಕರೆಂಟ್ ಹೋಯಿತು. ಖಾಲಿ ಡಿಸ್ಕಾದ್ದರಿಂದ ನಷ್ಟವಿಲ್ಲ, ಮತ್ತೆ ಮೊದಲಿನಿಂದ ಓಡಿಸಿದೆ. ತುಂಬಿದ ಡಿಸ್ಕನ್ನು ಇದ್ದಲ್ಲೇ ಎನ್‌ಕ್ರಿಪ್ಟ್ ಮಾಡುವ ದಾರಿಯೂ ಉಂಟು. ಬೇರೆ ಪ್ರತಿ ಇಟ್ಟುಕೊಳ್ಳದೆ ಅದಕ್ಕೆ ಕೈಹಾಕಬಾರದೆಂದು ಅಂದು ಮನದಟ್ಟಾಯಿತು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಪಾಸ್‌ವರ್ಡ್. ಹೆಸರು, ಹುಟ್ಟಿದ ವರ್ಷ, ಮನೆದೇವರು ಯಾವುದೂ ಬೇಡ. ಮನಸ್ಸು ಆರಿಸಿದ ಪದವನ್ನು ಇನ್ನೊಂದು ಮನಸ್ಸು ಊಹಿಸಬಲ್ಲದು. ದಾಳ ಆರಿಸಬೇಕು. ದಾಳವನ್ನು ನಾಲ್ಕು ಸಲ ಉರುಳಿಸಿದರೆ 1296 ಸಾಧ್ಯತೆಗಳು. ಒಂದೊಂದು ಸಾಧ್ಯತೆಗೆ ಒಂದೊಂದು ಪದದಂತೆ ಅಷ್ಟೇ ಕನ್ನಡ ಪದಗಳ ಪಟ್ಟಿ ಮಾಡಲು ಕುಳಿತೆ. "ಮನೆಯಲ್ಲಿ ಕವಡೆ ಇದೆಯಲ್ಲ, ಅದನ್ನೇ ಹಾಕು" ಎಂದರು ಅಮ್ಮ. ಚೌಕಾಬಾರದ ನಾಲ್ಕು ಕವಡೆಗಳನ್ನು ತಂದೂ ಕೊಟ್ಟರು. ಆದರೆ ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುತ್ತವೆಂದುಕೊಂಡರೂ, 16ರಲ್ಲಿ 6 ಸಲ ಎರಡು ಬೀಳುತ್ತದೆ, ನಾಲ್ಕು ಬೀಳುವುದು ಒಂದೇ ಸಲ. ಆಟಕ್ಕೆ ಆ ಏರುಪೇರೇ ಜೀವ, ಬೀಗಕ್ಕೆ ಅದೇ ಬಿರುಕು. ಅಮ್ಮ ಹತ್ತು ಸಲ ಹಾಕಿ ನೋಡಿ ಒಪ್ಪಿದರು.

ಪಟ್ಟಿಯಲ್ಲಿ ಇನ್ನೊಂದು ತೊಡಕು ಎದುರಾಯಿತು. ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತುವುದು ಕ್ಷೇಮ. ಅವುಗಳಲ್ಲಿ ಬರೆದರೆ ಬಳೆ, ಬಲೆ, ಬಾಳೆ ಮೂರೂ ಒಂದೇ ಆಗಿಬಿಡುತ್ತವೆ. ಹಳ್ಳಿ, ಹಲ್ಲಿಗಳ ಗತಿಯೂ ಅದೇ. ದೀರ್ಘ, ಳಕಾರ, ಣಕಾರ ಇರುವ ಪದಗಳನ್ನೆಲ್ಲ ಕೈಬಿಟ್ಟು ಬೆಲ್ಲ, ತೆಂಗು, ಕಬ್ಬು ಇಂಥವನ್ನು ಉಳಿಸಿದೆ. ಎರಡು ವಾರ ಹಿಡಿಯಿತು. ದಾಳ ಹೀಗೆ ಆರಿಸಿದ ಏಳು ಪದ ಸೇರಿ ಒಂದು ಪಾಸ್‌ವರ್ಡ್ ಆದರೆ ಸಾಧ್ಯತೆಗಳು 6ರ ಮುಂದೆ 21 ಸೊನ್ನೆ ಇಟ್ಟರೂ ಸಾಲದಷ್ಟು.

ಕಳೆದ ಭಾನುವಾರ ಬೀಗ ಹಾಕಿದೆ. ಮುಂದುವರಿಯಲೇ ಎಂದು ಕಂಪ್ಯೂಟರ್ ಕೇಳಿದಾಗ 'ಯೆಸ್' ಎಂಬುದನ್ನು ದೊಡ್ಡಕ್ಷರಗಳಲ್ಲೇ ಒತ್ತಬೇಕು. ಒತ್ತುವ ಮುನ್ನ ಡಿಸ್ಕಿನ ಹೆಸರನ್ನು ಮೂರು ಸಲ ಓದಿಕೊಂಡೆ. ಬೀಗ ಹಾಕಿದ ಮೇಲೂ ಡಿಸ್ಕಿನ ವೇಗದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಲಕ್ಸ್‌ನ ಎರಡನೆಯ ಆವೃತ್ತಿಯಲ್ಲಿ ಒಂದೇ ಡಿಸ್ಕಿಗೆ 32 ಪಾಸ್‌ವರ್ಡ್‌ಗಳವರೆಗೆ ಜಾಗವಿದೆ. ಎರಡನೆಯದನ್ನು ಮಂಡ್ಯದ ಅಕ್ಕನಿಗಾಗಿ ಇಟ್ಟೆ. ನನಗೇನಾದರೂ ಆದರೆ ಅಮ್ಮನ ವರದಿಗಳು ಯಾರಿಗೂ ಸಿಗದೆ ಹೋಗಬಾರದು. ಡಿಸ್ಕಿನ ಮೊದಲ 16 ಎಂಬಿಯ ತಲೆಭಾಗದಲ್ಲಿ ನಿಜವಾದ ಕೀಲಿ ಇರುತ್ತದೆ. ಅದು ಕೆಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ಡಿಸ್ಕ್ ತೆರೆಯದು. ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಅಕ್ಕನ ಬೀರುವಿನಲ್ಲಿಟ್ಟಿದ್ದೇನೆ. ಪಾಸ್‌ವರ್ಡ್ ಬದಲಿಸಿದ ದಿನ ಆ ಪ್ರತಿಯನ್ನೂ ಬದಲಿಸಬೇಕು, ಏಕೆಂದರೆ ಹಳೆಯ ಪ್ರತಿಗೆ ಹಳೆಯ ಪಾಸ್‌ವರ್ಡ್ ಹೊಂದುತ್ತಲೇ ಇರುತ್ತದೆ.

ನಿನ್ನೆ ಅಕ್ಕ ಬಂದಿದ್ದಳು. ಚೀಟಿ ನೋಡದೆ ಏಳೂ ಪದಗಳನ್ನು ಒತ್ತಿ ಡಿಸ್ಕ್ ತೆರೆದು, ಅಪ್ಪನ ದಿನಚರಿಯ ಪುಟಗಳನ್ನು ಬಹಳ ಹೊತ್ತು ಓದುತ್ತಾ ಕುಳಿತಳು. ಕೆಲಸ ಮುಗಿದ ಕೂಡಲೇ ಡಿಸ್ಕ್ ಮುಚ್ಚುವ ಅಭ್ಯಾಸವನ್ನು ಈಗ ಮಾಡಿಕೊಳ್ಳುತ್ತಿದ್ದೇನೆ. ತೆರೆದಿರುವಾಗ ಎನ್‌ಕ್ರಿಪ್ಷನ್ ಏನನ್ನೂ ಕಾಯುವುದಿಲ್ಲ. ಕಂಪ್ಯೂಟರಿನ ಹಳೆಯ ಡಿಸ್ಕಿನಲ್ಲಿ ಉಳಿದ ಪ್ರತಿಗಳನ್ನು ತೊಡೆದುಹಾಕುವುದು ಬಾಕಿ, ಅದು ಮುಂದಿನ ಭಾನುವಾರದ ಕೆಲಸ.