ಎಡಗಾಲು ಬಲಗಾಲಿನಂತಿರಲಿಲ್ಲ

ಹಾಸ್ಟೆಲ್ಲು, ಮೆಸ್ಸು, ಹುಬ್ಬಳ್ಳಿಯ ವಿದ್ಯಾನಗರದ ಚಹಾದಂಗಡಿಗಳ ಬಗ್ಗೆ ನನಗಿಂತ ರಸವತ್ತಾಗಿ ಬರೆಯಬಲ್ಲ ಸಹಪಾಠಿಗಳು ಅನೇಕರಿರುವುದರಿಂದ ಆ ಕೆಲಸವನ್ನು ಅವರಿಗೇ ಬಿಟ್ಟು, ಮೊದಲ ಎಂಬಿಬಿಎಸ್‌ನಲ್ಲಿ ಡಿಸೆಕ್ಷನ್ (ಶವಛೇದನ) ಹಾಲಿನ ಒಂದು ಮೇಜಿನ ಮೇಲೆ ನಾವು ಬಿಡಿಸಿ ನೋಡಿದ ಎರಡು ಪಾದಗಳ ಬಗ್ಗೆ, ಅವುಗಳ ಚರ್ಮಕ್ಕೆ ಸ್ಪರ್ಶ ಕೊಡುವ ನರಗಳ ಬಗ್ಗೆ ಬರೆಯುತ್ತಿದ್ದೇನೆ. ಮುಂದೆ ನಾನು ಅರಿವಳಿಕೆ ವಿಭಾಗವನ್ನು ಆರಿಸಿಕೊಂಡೆ. ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳು ಕೊಳೆತು ಬರುವ ರೋಗಿಗಳನ್ನು ದಿನವೂ ನೋಡುವ ನನಗೆ ಆ ಮೇಜಿನ ಪಾಠ ಉಪಯೋಗಕ್ಕೆ ಬಂದಷ್ಟು ಇನ್ನಾವ ಪಾಠವೂ ಬಂದಿಲ್ಲ.

ಅದು 1980ರ ದಶಕದ ಕೊನೆ. ಮೊದಲ ಎಂಬಿಬಿಎಸ್ ಆಗ ಒಂದೂವರೆ ವರ್ಷದ್ದಾಗಿತ್ತು. ಡಿಸೆಕ್ಷನ್‌ಗೆ ಈಗಿನ ವಿದ್ಯಾರ್ಥಿಗಳಿಗೆ ಸಿಗದಷ್ಟು ಸಮಯವಿತ್ತು. ಆದರೂ ತೊಡೆ, ಮಂಡಿಯ ಹಿಂಭಾಗ, ಮೀನಖಂಡ ಎಲ್ಲ ಮುಗಿದು ಪಾದಕ್ಕೆ ಇಳಿಯುವ ಹೊತ್ತಿಗೆ ಹುಡುಗರ ಉತ್ಸಾಹವೂ ಇಳಿದಿರುತ್ತಿತ್ತು. ತೊಡೆಯ ಮೇಲ್ಭಾಗದ ಫಿಮೋರಲ್ ಟ್ರಯಾಂಗಲ್ ಪರೀಕ್ಷೆಗೆ ಬಂದೇ ಬರುತ್ತದೆ, ಪಾದದ ಮೇಲಿನ ಚರ್ಮವನ್ನು ಯಾರು ಕೇಳುತ್ತಾರೆ ಎಂಬುದು ನಮ್ಮ ಲೆಕ್ಕ. ನಮ್ಮ ಮೇಜಿನ ಹೊಣೆ ಹೊತ್ತಿದ್ದ ಮೇಡಂ ಅವರ ಲೆಕ್ಕ ಬೇರೆಯಾಗಿತ್ತು.

ಪುಸ್ತಕದ ಚಿತ್ರ ಬಹಳ ಅಚ್ಚುಕಟ್ಟಾದುದು. ಸೂಪರ್‌ಫಿಶಿಯಲ್ ಪೆರೋನಿಯಲ್ ನರವು ಕಾಲಿನ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಸ್ನಾಯುಗಳನ್ನು ಹೊದ್ದಿರುವ ಡೀಪ್ ಫೇಶಿಯಾ ಎಂಬ ಗಟ್ಟಿ ಪೊರೆಯನ್ನು ತೂರಿ ಹೊರಬಂದು ಎರಡಾಗಿ ಸೀಳಿ, ಪಾದದ ಮೇಲ್ಭಾಗದ ಬಹುಪಾಲನ್ನು ನೋಡಿಕೊಳ್ಳುತ್ತದೆ. ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದು ಮಾತ್ರ ಡೀಪ್ ಪೆರೋನಿಯಲ್ ನರದ್ದು. ಹೊರ ಅಂಚು ಮತ್ತು ಕಿರುಬೆರಳಿನ ಹೊರಬದಿ ಸೂರಲ್ ನರಕ್ಕೆ, ಒಳ ಅಂಚು ತೊಡೆಯಿಂದ ಇಳಿದು ಬರುವ ಸ್ಯಾಫಿನಸ್ ನರಕ್ಕೆ ಸೇರಿದ್ದು. ಅಂಗಾಲನ್ನು ಟಿಬಿಯಲ್ ನರದ ಕವಲುಗಳು ಹಂಚಿಕೊಂಡಿರುತ್ತವೆ; ಅವೇ ಬೆರಳ ತುದಿಯನ್ನು ಬಳಸಿ ಮೇಲೆ ಬಂದು ಉಗುರಿನ ಬುಡಕ್ಕೂ ಸ್ಪರ್ಶ ಕೊಡುತ್ತವೆ. ಈ ಹಂಚಿಕೆಯಲ್ಲಿ ನನಗೆ ಇಂದಿಗೂ ಇಷ್ಟವಾದ ಸಂಗತಿಯೊಂದಿದೆ. ನಮ್ಮ ಕಡೆಯ ಮದುವೆಯಾದ ಹೆಣ್ಣುಮಕ್ಕಳು ಎರಡನೆಯ ಬೆರಳಿಗೆ ಕಾಲುಂಗುರ ಹಾಕುತ್ತಾರಲ್ಲ, ಆ ಒಂದು ಉಂಗುರದ ಸುತ್ತಿನಲ್ಲಿ ಮೂರು ನರಗಳ ಗಡಿ ಬರುತ್ತದೆ: ಒಳಬದಿ ಡೀಪ್ ಪೆರೋನಿಯಲ್, ಹೊರಬದಿ ಸೂಪರ್‌ಫಿಶಿಯಲ್ ಪೆರೋನಿಯಲ್, ಕೆಳಗೆ ಟಿಬಿಯಲ್ ನರದ ಕವಲಾದ ಮೀಡಿಯಲ್ ಪ್ಲಾಂಟರ್.

ಪಾದದ ಮೇಲಿನ ಚರ್ಮ ತೆಳು. ಅಂಗಾಲಿನ ಚರ್ಮ ಬಿಡಿಸುವಾಗ ಹಾಕುವ ಬಲವನ್ನೇ ಇಲ್ಲಿಯೂ ಹಾಕಿದರೆ ಚರ್ಮದೊಂದಿಗೆ ನರವೂ ಎದ್ದು ಬರುತ್ತದೆ. ಸ್ಕಾಲ್ಪೆಲ್ಲಿನ ಮೊನೆಯಿಂದ ಚರ್ಮವನ್ನು ಅಷ್ಟಷ್ಟೇ ಬಿಡಿಸುತ್ತ ಹೋದಂತೆ ಮೊದಲು ಸಿರೆಗಳ ಕಮಾನು ಕಾಣುತ್ತದೆ, ನರಗಳು ಅದರ ಅಡಿಯಲ್ಲಿ ಹಾಯ್ದಿರುತ್ತವೆ. ಫಾರ್ಮಲಿನ್‌ನಲ್ಲಿದ್ದ ದೇಹದಲ್ಲಿ ಬರಿದಾದ ಸಿರೆ ಯಾವುದು, ನರ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಸಿರೆಯನ್ನು ಬೆರಳುಗಳ ನಡುವೆ ಒತ್ತಿದರೆ ಚಪ್ಪಟೆಯಾಗುತ್ತದೆ, ನರ ದುಂಡಗೆ ಉಳಿದು ಉರುಳುತ್ತದೆ, ಮತ್ತು ನಿಟ್ಟಿಸಿ ನೋಡಿದರೆ ಅದರ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಇದನ್ನು ನಮಗೆ ಮೊದಲು ಮಾಡಿ ತೋರಿಸಿದವರು ಹಾಲಿನ ಅಟೆಂಡರ್.

ಬಲಗಾಲು ಪುಸ್ತಕದಂತೆಯೇ ಇತ್ತು. ಸೂಪರ್‌ಫಿಶಿಯಲ್ ಪೆರೋನಿಯಲ್ ನರ ಒಂದೇ ಕಾಂಡವಾಗಿ ಹೊರಬಂದು, ನಂತರ ಕವಲೊಡೆದು, ಹೇಳಿದ ಬೆರಳುಗಳಿಗೆ ಹೋಗಿತ್ತು. ಅದೇ ದೇಹದ ಎಡಗಾಲಿನಲ್ಲಿ ನರವು ಫೇಶಿಯಾದ ಅಡಿಯಲ್ಲೇ ಎರಡಾಗಿ, ಎರಡೂ ಕವಲುಗಳು ಬೇರೆ ಬೇರೆ ಕಡೆ ಹೊರಬಂದಿದ್ದವು. ಒಳಗಿನ ಕವಲು ದಪ್ಪವಾಗಿದ್ದರೆ ಹೊರಗಿನದು ದಾರದ ಎಳೆಯಷ್ಟು ಸಣ್ಣದಾಗಿ ಪಾದದ ನಡುವಿನವರೆಗೆ ಬಂದು ಮುಗಿದುಹೋಗಿತ್ತು. ಹಾಗಾದರೆ ಮೂರನೆಯ ಮತ್ತು ನಾಲ್ಕನೆಯ ಬೆರಳಿಗೆ ನರ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟಾಗ, ಹೊರ ಹರಡಿನ ಹಿಂದಿನಿಂದ ಬಳಸಿ ಬಂದ ಸೂರಲ್ ನರ ಕಿರುಬೆರಳಿಗೆ ನಿಲ್ಲದೆ ನಾಲ್ಕನೆಯ ಬೆರಳಿನ ಎರಡೂ ಬದಿಗೆ, ಮೂರನೆಯದರ ಹೊರಬದಿಗೆ ಕವಲು ಕೊಟ್ಟಿರುವುದು ಕಂಡಿತು. ನಮ್ಮಲ್ಲೊಬ್ಬ ಇದನ್ನು ಬಿಟ್ಟು ರೆಕಾರ್ಡಿನಲ್ಲಿ ಪುಸ್ತಕದ ಚಿತ್ರವನ್ನೇ ಇಳಿಸತೊಡಗಿದ್ದ. ಹಿಂದೆ ನಿಂತು ನೋಡುತ್ತಿದ್ದ ಮೇಡಂ, "ಪುಸ್ತಕ ನೋಡಿ ಬರೀಬ್ಯಾಡ್ರಿ, ಕಾಲು ನೋಡಿ ಬರೀರಿ" ಎಂದರು. ಬೇರೆ ಮೇಜುಗಳ ಪಾದಗಳನ್ನೂ ನೋಡಿ ಬರಲು ಕಳುಹಿಸಿದರು. ಒಂದರಲ್ಲಿ ಡೀಪ್ ಪೆರೋನಿಯಲ್ ನರ ಎರಡನೆಯ ಸಂದಿಗೂ ಎಳೆ ಕಳುಹಿಸಿತ್ತು. ಇನ್ನೊಂದರಲ್ಲಿ ಸೂರಲ್ ನರ ಹುಟ್ಟಿದ ರೀತಿಯೇ ಬೇರೆ. ಸಾಮಾನ್ಯವಾಗಿ ಟಿಬಿಯಲ್ ನರದ ಒಂದು ಕವಲೂ ಎರಡೂ ಪೆರೋನಿಯಲ್‌ಗಳ ಮೂಲವಾದ ಕಾಮನ್ ಪೆರೋನಿಯಲ್ ನರದ ಒಂದು ಕವಲೂ ಮೀನಖಂಡದ ಹಿಂದೆ ಕೂಡಿ ಸೂರಲ್ ಆಗುತ್ತದೆ. ಅವು ಕೂಡುವ ಜಾಗ ಕೆಲವರಲ್ಲಿ ಮೇಲೆ, ಕೆಲವರಲ್ಲಿ ಹರಡಿನ ಹತ್ತಿರ, ಕೆಲವರಲ್ಲಿ ಕೂಡುವುದೇ ಇಲ್ಲ, ಒಂದೇ ಕವಲು ಪೂರ್ತಿ ಕೆಲಸ ವಹಿಸಿಕೊಳ್ಳುತ್ತದೆ. ಮೇಡಂ ಇವನ್ನು "ಅಸಹಜ" ಎನ್ನಲು ಬಿಡುತ್ತಿರಲಿಲ್ಲ. ಆ ದೇಹಗಳ ಒಡೆಯರು ಈ ನರಗಳನ್ನಿಟ್ಟುಕೊಂಡೇ ಜೀವಮಾನವಿಡೀ ಹೊಲ ತಿರುಗಿದವರು, ಚಪ್ಪಲಿ ಮೆಟ್ಟಿದವರು ಎಂಬುದು ಅವರ ವಾದ. ನನಗೂ ಅದೇ ಸರಿಯೆನಿಸುತ್ತದೆ. ಪುಸ್ತಕದ ಚಿತ್ರ ಹೆಚ್ಚಿನವರಲ್ಲಿ ಕಾಣುವ ಬಗೆಯೇ ಹೊರತು ಉಳಿದವರು ಪಾಲಿಸಬೇಕಾದ ಕಟ್ಟಳೆಯಲ್ಲ.

ಇದರ ಬೆಲೆ ತಿಳಿದದ್ದು ಆಂಕಲ್ ಬ್ಲಾಕ್ ಕಲಿಯುವಾಗ. ಹೃದಯ, ಮೂತ್ರಪಿಂಡ ಎರಡೂ ದುರ್ಬಲವಾಗಿರುವ ರೋಗಿಯ ಬೆರಳು ತೆಗೆಯಬೇಕಾದಾಗ ಪೂರ್ತಿ ಅರಿವಳಿಕೆ ಕೊಡುವ ಬದಲು ಹರಡಿನ ಸುತ್ತ ಐದು ನರಗಳನ್ನು ಮರಗಟ್ಟಿಸಿದರೆ ಸಾಕು. ಟಿಬಿಯಲ್ ಮತ್ತು ಡೀಪ್ ಪೆರೋನಿಯಲ್ ನರಗಳು ಆಳದಲ್ಲಿ, ರಕ್ತನಾಳದ ಮಗ್ಗುಲಲ್ಲಿ ಇರುವುದರಿಂದ ಅವಕ್ಕೆ ಗುರುತಿನ ಜಾಗವಿದೆ. ಸೂಪರ್‌ಫಿಶಿಯಲ್ ಪೆರೋನಿಯಲ್ ನರಕ್ಕೆ ಹಾಗೆ ಒಂದು ಬಿಂದುವನ್ನು ಗುರಿಯಿಡುವುದಿಲ್ಲ. ಹರಡಿನ ಒಂದು ಬದಿಯ ಗಂಟಿನಿಂದ ಇನ್ನೊಂದು ಬದಿಯ ಗಂಟಿನವರೆಗೆ ಚರ್ಮದಡಿಯಲ್ಲಿ ಔಷಧದ ಅಡ್ಡಗೆರೆಯನ್ನೇ ಎಳೆಯುತ್ತೇವೆ. ಕಲಿಸಿದ ಸೀನಿಯರ್ ಕಾರಣ ಹೇಳಿರಲಿಲ್ಲ, ನನಗೆ ಕೇಳುವ ಅಗತ್ಯವೂ ಬೀಳಲಿಲ್ಲ: ಆ ಎತ್ತರದಲ್ಲಿ ಕವಲುಗಳು ಎರಡೋ ಮೂರೋ, ಒಳಕ್ಕೋ ಹೊರಕ್ಕೋ, ಹೇಗೇ ಇರಲಿ, ಎಲ್ಲವೂ ಗೆರೆಯನ್ನು ದಾಟಿಯೇ ಹೋಗಬೇಕು. ನಾಲ್ಕನೆಯ ಬೆರಳಿನ ಶಸ್ತ್ರಚಿಕಿತ್ಸೆಯಿದ್ದರೆ ಸೂರಲ್ ನರವನ್ನು ನಾನು ಎಂದೂ ಬಿಡುವುದಿಲ್ಲ. ಆ ಬೆರಳು ಸೂರಲ್‌ಗೆ ಸೇರಿದ್ದಲ್ಲ, ಹೊರಗೆ ಚುಚ್ಚುವುದೇಕೆ ಎಂದು ಕೇಳುವ ಕಿರಿಯರಿಗೆ ಆ ಎಡಗಾಲಿನ ಕಥೆ ಹೇಳುತ್ತೇನೆ.

ಬೇರೆ ವಿಭಾಗದವರಿಗೂ ಈ ವ್ಯತ್ಯಾಸ ತಟ್ಟುತ್ತದೆ. ಕುಷ್ಠರೋಗದ ಶಂಕೆಯಿದ್ದಾಗ ಹರಡಿನ ಮುಂದೆ ಹಾಯುವ ಕವಲುಗಳನ್ನು ಬೆರಳಿನಿಂದ ಉರುಳಿಸಿ ದಪ್ಪವಾಗಿವೆಯೇ ಎಂದು ನೋಡುತ್ತಾರೆ. ಮುಟ್ಟಿದ ಕಡೆ ಸಿಗಲಿಲ್ಲವೆಂದರೆ ನರ ಇಲ್ಲವೆಂದಲ್ಲ, ಅತ್ತಿತ್ತ ಇರಬಹುದು. ಸೂರಲ್ ನರದ ತುಣುಕನ್ನು ಬಯಾಪ್ಸಿಗೆ ತೆಗೆದ ಮೇಲೆ ಪಾದದ ಹೊರ ಅಂಚು ಜೋಮು ಹಿಡಿದಂತಾಗುತ್ತದೆ; ಆ ಜೋಮು ಕಿರುಬೆರಳಿಗೆ ನಿಲ್ಲುತ್ತದೆಯೇ, ನಾಲ್ಕನೆಯದಕ್ಕೂ ಹಬ್ಬುತ್ತದೆಯೇ ಎಂಬುದು ರೋಗಿಯಿಂದ ರೋಗಿಗೆ ಬೇರೆ. ಅಕ್ಕಪಕ್ಕದ ನರಗಳ ಸೀಮೆಗಳು ಒಂದರ ಮೇಲೊಂದು ಚಾಚಿರುವುದರಿಂದ ಜೋಮಿನ ಜಾಗ ನಾವು ಎಣಿಸಿದ್ದಕ್ಕಿಂತ ಕಿರಿದಾಗುವುದೂ ಉಂಟು. ಹರಡಿನ ಕೀಲಿಗೆ ಆರ್ತ್ರೋಸ್ಕೋಪ್ (ಕೀಲಿನ ಒಳಗನ್ನು ನೋಡುವ ಕೊಳವೆ) ತೂರಿಸುವ ಮೂಳೆ ತಜ್ಞರಿಗಂತೂ ಮುಂದಿನ ಹೊರಬದಿಯ ರಂಧ್ರವನ್ನು ಎಲ್ಲಿ ಮಾಡಬೇಕೆಂಬುದೇ ಚಿಂತೆ, ಏಕೆಂದರೆ ಸೂಪರ್‌ಫಿಶಿಯಲ್ ಪೆರೋನಿಯಲ್ ನರದ ಹೊರಕವಲು ಅದರ ಮಗ್ಗುಲಲ್ಲೇ ಇರುತ್ತದೆ.

ಮೂಳೆ ತಜ್ಞರಿಂದ ಕಲಿತ ಉಪಾಯವೊಂದನ್ನು ನಾನೂ ಬಳಸುತ್ತೇನೆ. ಪಾದವನ್ನು ಕೆಳಕ್ಕೆ ಮತ್ತು ಒಳಕ್ಕೆ ತಿರುಗಿಸಿ ನಾಲ್ಕನೆಯ ಬೆರಳನ್ನು ಮಡಚಿ ಎಳೆದರೆ, ಸಪೂರ ಕಾಲಿನಲ್ಲಿ ಆ ಕವಲು ಚರ್ಮದಡಿ ತಂತಿಯಂತೆ ಬಿಗಿದು ಎದ್ದು ಕಾಣುತ್ತದೆ. ಊದಿದ ಪಾದದಲ್ಲಿ ಅದು ಕಾಣುವುದಿಲ್ಲ. ಆಗ ಅಲ್ಟ್ರಾಸೌಂಡ್ ಪ್ರೋಬನ್ನು ಕಾಲಿನ ಹೊರಬದಿಯಲ್ಲಿ ಮೇಲಿಟ್ಟು, ಪೆರೋನಿಯಸ್ ಸ್ನಾಯುಗಳ ಮುಂದಿನ ಅಂಚಿನಲ್ಲಿ ನರವನ್ನು ಹಿಡಿದು, ಅದು ಫೇಶಿಯಾ ದಾಟುವವರೆಗೆ ಕೆಳಗೆ ಸರಿಸುತ್ತ ಬರುತ್ತೇನೆ. ಕೆಲವರಲ್ಲಿ ಪರದೆಯ ಮೇಲಿನ ಒಂದು ಚುಕ್ಕೆ ಫೇಶಿಯಾ ದಾಟುವ ಮೊದಲೇ ಎರಡಾಗುತ್ತದೆ. ಅಂಥವರಿಗೆ ಎರಡು ಕಡೆ ಔಷಧ ಕೊಡುತ್ತೇನೆ. ಯಂತ್ರ ಬೇರೆ ಥಿಯೇಟರಿನಲ್ಲಿದ್ದರೆ ಹಳೆಯ ಅಡ್ಡಗೆರೆಯೇ ಸಾಕು.