‘ಟಮಿ’ಗೆ ಹಿಂದಿನ ಅಕ್ಷರ

ಅಮೆರಿಕದ ವೈದ್ಯರ ಡಿಕ್ಟೇಶನ್ ಕೇಳಿ ವರದಿ ಟೈಪ್ ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸಕ್ಕೆ ಬೆಂಗಳೂರಿನಲ್ಲಿ ಸೇರಿದ ಹೊಸತರಲ್ಲಿ, ನಾನು ‘ಕೊಲೆಕ್ಟಮಿ’ ಎಂಬುದನ್ನು ‘ಕೊಲಾಸ್ಟಮಿ’ ಎಂದು ಬರೆದಿದ್ದೆ. ಮೊದಲನೆಯದು ದೊಡ್ಡ ಕರುಳನ್ನು ಪೂರ್ತಿಯಾಗಿಯೋ ಭಾಗಶಃವೋ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ಎರಡನೆಯದು ಅದೇ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿಕೊಡುವುದು. ವರದಿಯ ಕೆಳಭಾಗದಲ್ಲಿ ಕರುಳಿನ ಎರಡು ತುದಿಗಳನ್ನು ಜೋಡಿಸಿ ಹೊಲಿದ ವಿವರವಿದ್ದುದರಿಂದ, ತಿದ್ದುವ ಹಿರಿಯರಿಗೆ ಅನುಮಾನ ಬಂದು ತಪ್ಪು ಅಲ್ಲಿಯೇ ಸಿಕ್ಕಿತು. ಅವರು ಹೆಡ್‌ಫೋನನ್ನು ನನ್ನ ಕೈಗಿತ್ತು, “ಟಮಿ ಕೇಳಬೇಡಿ, ಅದರ ಹಿಂದಿನ ಅಕ್ಷರ ಕೇಳಿ” ಎಂದರು.

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಸ್ವರ ಸಲ್ಲುತ್ತದೆ. ಲಘು, ಗುರುಗಳ ಭೇದ ಉಂಟು. ಆದರೆ ಒತ್ತು (ಒತ್ತಕ್ಷರವಲ್ಲ, ದನಿಯ ಬಲ) ಜಾಗ ಬದಲಿಸಿದರೆ ಪದದ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರವೊಂದು ಎದ್ದು ನಿಂತರೆ, ಅಕ್ಕಪಕ್ಕದ ಅಕ್ಷರಗಳ ಸ್ವರ ಸಾಮಾನ್ಯವಾಗಿ ‘ಅ’ಕಾರದಂಥ ಸಣ್ಣ ದನಿಯಾಗಿ ಸವೆದುಬಿಡುತ್ತದೆ. ಆಂಜಿಯೋಗ್ರಾಮ್ ಎಂಬಲ್ಲಿ ಬಲ ಮೊದಲ ‘ಆಂ’ ಮೇಲಿದೆ, ಆಂಜಿಯಾಗ್ರಫಿ ಆದೊಡನೆ ಅದು ‘ಆಗ್’ಗೆ ಸರಿಯುತ್ತದೆ, ಆಂಜಿಯೋಗ್ರಾಫಿಕ್ ಎಂದರೆ ‘ಗ್ರಾಫ್’ಗೆ ಜಾರುತ್ತದೆ. ಮೂಲ ಒಂದೇ ಆದರೂ ಕಿವಿಗೆ ಮೂರೂ ಬೇರೆ ಪದಗಳಂತೆ ಬೀಳುತ್ತವೆ.

‘ಟಮಿ’ ಎಂದು ಮುಗಿಯುವ ಈ ಶಸ್ತ್ರಚಿಕಿತ್ಸೆಯ ಹೆಸರುಗಳಲ್ಲಿ ಒತ್ತು ಕೊನೆಯಿಂದ ಮೂರನೆಯ ಅಕ್ಷರಕ್ಕೆ ಬೀಳುತ್ತದೆ, ಅರ್ಥದ ವ್ಯತ್ಯಾಸವೂ ಅಲ್ಲಿಯೇ ಇರುತ್ತದೆ: ‘ಎಕ್ಟಮಿ’ ಕತ್ತರಿಸಿ ತೆಗೆಯುವುದು, ‘ಆಟಮಿ’ ಕೊಯ್ಯುವುದು, ‘ಆಸ್ಟಮಿ’ ಬಾಯಿ ಮಾಡಿಕೊಡುವುದು. ಶ್ವಾಸನಾಳವನ್ನು ಕೊಯ್ಯುವ ಟ್ರೇಕಿಯಾಟಮಿಗೂ ಅದಕ್ಕೆ ಬಾಯಿ ಮಾಡಿಕೊಡುವ ಟ್ರೇಕಿಯಾಸ್ಟಮಿಗೂ ನಡುವೆ ಇರುವುದು ಒಂದು ‘ಸ್’ ಮಾತ್ರ.

ಇನ್ನೊಂದು ತೊಡಕೆಂದರೆ, ಬಾಯಿ ಪದವನ್ನು ಒಡೆಯುವ ಜಾಗವೂ ಅರ್ಥ ಒಡೆಯುವ ಜಾಗವೂ ಒಂದೇ ಅಲ್ಲ. ಪಿತ್ತಕೋಶವನ್ನು ತೆಗೆಯುವ ಕೊಲೆಸಿಸ್ಟೆಕ್ಟಮಿಯನ್ನು ಬಾಯಿ ಕೊ-ಲೆ-ಸಿಸ್-ಟೆಕ್-ಟ-ಮಿ ಎಂದು ಆರಾಗಿ ಒಡೆಯುತ್ತದೆ. ಅರ್ಥಕ್ಕೆ ಬೇಕಾದುದು ಕೊಲೆ, ಸಿಸ್ಟ್, ಎಕ್ಟಮಿ, ಅಂದರೆ ಪಿತ್ತ, ಚೀಲ, ತೆಗೆಯುವಿಕೆ ಎಂಬ ಮೂರೇ. ಇಲ್ಲಿ ಶಾಲೆಯಲ್ಲಿ ಸಂಧಿ ಬಿಡಿಸಿದ ಅಭ್ಯಾಸ ನನಗೆ ನಿಜಕ್ಕೂ ನೆರವಾಯಿತು: ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬೀಳುವಂತೆ, ಗ್ಯಾಸ್ಟ್ರೋ (ಜಠರ), ಐಟಿಸ್ (ಉರಿಯೂತ) ಸೇರಿ ‘ಗ್ಯಾಸ್ಟ್ರೈಟಿಸ್’ ಆಗುವಾಗ ಓಕಾರ ಬೀಳುತ್ತದೆ.

ಈಗ ಹೊಸಬರಿಗೆ ಹೇಳಿಕೊಡುವಾಗ ಪ್ರತಿ ಪದವನ್ನೂ ಎರಡು ಬಗೆಯಲ್ಲಿ ಬರೆಸುತ್ತೇನೆ, ಉಚ್ಚಾರಕ್ಕೊಂದು, ಅರ್ಥಕ್ಕೊಂದು. ಒತ್ತಿನ ಅಕ್ಷರ ಮೂರು ಸಲ ಕೇಳಿದರೂ ಸ್ಪಷ್ಟವಾಗದಿದ್ದರೆ, ಊಹಿಸಿ ತುಂಬದೆ ಜಾಗವನ್ನು ಖಾಲಿ ಬಿಟ್ಟು, ಆಡಿಯೋದ ನಿಮಿಷ, ಸೆಕೆಂಡನ್ನು ಪಕ್ಕದಲ್ಲಿ ಗುರುತು ಹಾಕಿಸುತ್ತೇನೆ.