ವಾಡಿಕೆ ಮಳೆಯಾಗಿದೆ ಎನ್ನುತ್ತಾರೆ, ನಮ್ಮ ಹೊಲ ಏಕೆ ಒಣಗಿದೆ?

ಸೆಪ್ಟೆಂಬರ್ ಬಂತೆಂದರೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, ರಾತ್ರಿ ಫೋನ್ ಮಾಡಿ ಕೇಳುತ್ತಾರೆ. "ವಾಡಿಕೆ ಮಳೆಯಾಗಿದೆ ಎಂದು ಪತ್ರಿಕೆಯಲ್ಲಿ ಬಂದಿದೆ. ನಮ್ಮ ಶೇಂಗಾ ಮಾತ್ರ ಒಣಗಿ ನಿಂತಿದೆ. ನಿಮ್ಮ ಲೆಕ್ಕ ಸುಳ್ಳೋ, ನಮ್ಮ ಕಣ್ಣು ಸುಳ್ಳೋ?" ಚಳ್ಳಕೆರೆ ಸೀಮೆಯಲ್ಲಿ ಮಳೆ ಮತ್ತು ಬೆಳೆಯ ವಾರದ ವರದಿ ಬರೆಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನು ನಾನು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನನ್ನದೂ ಹೌದು.

ಮೊದಲು "ವಾಡಿಕೆ" ಎಂಬ ಪದವನ್ನೇ ನೋಡೋಣ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಹಲವು ದಶಕಗಳ ಸರಾಸರಿ. ಒಂದು ಜಿಲ್ಲೆಯ ಮಳೆ ಆ ಸರಾಸರಿಗಿಂತ ಶೇ 19ರಷ್ಟು ಹೆಚ್ಚಿದ್ದರೂ ವಾಡಿಕೆ, ಶೇ 19ರಷ್ಟು ಕಡಿಮೆಯಿದ್ದರೂ ವಾಡಿಕೆ. ಶೇ 20ರಿಂದ 59ರವರೆಗೆ ಕಡಿಮೆಯಾದರೆ ಕೊರತೆ, ಅದಕ್ಕೂ ಕೆಳಗಿಳಿದರೆ ತೀವ್ರ ಕೊರತೆ. ನೂರು ಮಿಲಿಮೀಟರ್ ಬೀಳಬೇಕಾದ ಕಡೆ 81 ಬಿದ್ದರೂ ಪಟ್ಟಿಯಲ್ಲಿ ವಾಡಿಕೆ ಎಂದೇ ಬರೆಯುತ್ತಾರೆ. ಮಳೆ ಧಾರಾಳವಾಗಿ ಬೀಳುವ ತೀರ್ಥಹಳ್ಳಿಯಲ್ಲಿ ಅದರಿಂದ ಅಷ್ಟೇನೂ ಕೆಡುವುದಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಆ ಹತ್ತೊಂಬತ್ತು ಪಾಲೇ ಒಂದು ಬೆಳೆಯ ಜೀವ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಬಿದ್ದ ಮಳೆಯನ್ನೆಲ್ಲ ಕೂಡಿಸಿ ಒಂದು ಅಂಕಿ ಕೊಟ್ಟರೆ ಅದರಲ್ಲಿ ದಿನಗಳು ಕಳೆದುಹೋಗುತ್ತವೆ. 2023ನ್ನೇ ನೆನೆಯಿರಿ. ಇಡೀ ದೇಶಕ್ಕೆ ಆ ಮುಂಗಾರಿನಲ್ಲಿ ದೀರ್ಘಾವಧಿ ಸರಾಸರಿಯ ಶೇ 94ರಷ್ಟು ಮಳೆಯಾಯಿತು. ದೂರದಿಂದ ನೋಡಿದವರಿಗೆ ಅದು ಪರವಾಗಿಲ್ಲ ಎನ್ನಿಸುವ ಅಂಕಿ. ಅದನ್ನು ಬಿಡಿಸಿ ನೋಡಿದರೆ ಜುಲೈಯಲ್ಲಿ ಶೇ 13ರಷ್ಟು ಹೆಚ್ಚು, ಆಗಸ್ಟ್‌ನಲ್ಲಿ ಶೇ 36ರಷ್ಟು ಕಡಿಮೆ. 1901ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿರಲಿಲ್ಲ. ಕರ್ನಾಟಕದಲ್ಲಿ ಜೂನ್ ತಿಂಗಳು ಕೈಕೊಟ್ಟಿತು, ಜುಲೈಯಲ್ಲಿ ವಾಡಿಕೆ ಮೀರಿ ಸುರಿಯಿತು, ಜನ ಆಸೆಯಿಂದ ಬಿತ್ತಿದರು, ಆಗಸ್ಟ್‌ನಲ್ಲಿ ಆಕಾಶ ಬರಿದಾಯಿತು. ಕೊನೆಗೆ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ನಮ್ಮ ಹಿರಿಯರು ಮಳೆಯನ್ನು ಎಂದೂ ಹೀಗೆ ಕೂಡಿಸಿ ಹೇಳಿದವರಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು ಎಣಿಸಿದರು. ಯಾವ ಮಳೆ ಬಂತು, ಯಾವುದು ಹೋಯಿತು ಎಂದು ಕೇಳಿದರೆ ಸಾಕು, ಬೆಳೆಯ ಸ್ಥಿತಿ ತಾನಾಗಿ ತಿಳಿಯುತ್ತಿತ್ತು. "ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು" ಎಂಬ ಗಾದೆ ಎಲ್ಲರಿಗೂ ಗೊತ್ತು. ನಾನು ಅದನ್ನು ಬರಿಯ ಗಾದೆಯಾಗಿ ಕೇಳುತ್ತಾ ಬೆಳೆದೆ. ಅದರ ಒಳಗಿನ ಲೆಕ್ಕ ಗೊತ್ತಾದದ್ದು ಶೇಂಗಾ ಹೊಲದಲ್ಲಿ ನಿಂತಾಗ.

ಪುನರ್ವಸುವಿನಲ್ಲಿ, ಅಂದರೆ ಜುಲೈ ಮೊದಲೆರಡು ವಾರಗಳ ಆಸುಪಾಸಿನಲ್ಲಿ ಬಿತ್ತಿದ ಶೇಂಗಾಕ್ಕೆ ಆಗಸ್ಟ್ ಕೊನೆಯ ಹೊತ್ತಿಗೆ ನಲವತ್ತು ನಲವತ್ತೈದು ದಿನ ತುಂಬುತ್ತದೆ. ಹೂವು ಫಲಗಟ್ಟಿ, ಅದರ ಬುಡದಿಂದ ಊಡು, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ಎಳೆಕಡ್ಡಿ, ನೆಲಕ್ಕೆ ಇಳಿಯುವ ಕಾಲ ಅದು. ಊಡು ಮಣ್ಣಿಗೆ ಚುಚ್ಚಿಕೊಂಡು ಒಳಗೆ ಹೋದರಷ್ಟೇ ಕಾಯಿ. ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಊಡು ಒಳಗಿಳಿಯಲಾಗದೆ ಗಾಳಿಯಲ್ಲೇ ಒಣಗುತ್ತದೆ. ಆ ಹದಿನೈದು ದಿನ ಮಣ್ಣು ಮೆತ್ತಗಿರಬೇಕು, ಅಷ್ಟೇ. ಅದು ಮಘೆಯ ಕಾಲ. ಮುಂದೆ ಸೆಪ್ಟೆಂಬರಿನ ಹುಬ್ಬೆ, ಉತ್ತರೆಯಲ್ಲಿ ಎಷ್ಟೇ ಸುರಿದರೂ ಹೋದ ಊಡು ಮರಳುವುದಿಲ್ಲ. ಆದರೆ ಆ ತಡವಾದ ಮಳೆಯೂ ಒಟ್ಟು ಲೆಕ್ಕಕ್ಕೆ ಸೇರಿ "ಕೊರತೆ"ಯನ್ನು "ವಾಡಿಕೆ" ಮಾಡಿಬಿಡುತ್ತದೆ.

ಒಂದು ವರ್ಷ ಇಂಥದ್ದೇ ಕಾಲದಲ್ಲಿ ನಾನು ರಸ್ತೆಯ ಮೇಲೆ ಜೀಪು ನಿಲ್ಲಿಸಿ, ಹೊಲ ಹಸಿರಾಗಿರುವುದನ್ನು ಕಂಡು, "ಬೆಳೆ ಸ್ಥಿತಿ ಸಾಧಾರಣ" ಎಂದು ಬರೆದುಕೊಳ್ಳುತ್ತಿದ್ದೆ. ಬದುವಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬರು ಎದ್ದು ಹೋಗಿ ಒಂದು ಗಿಡ ಕಿತ್ತು ತಂದು ನನ್ನ ಕೈಗೆ ಕೊಟ್ಟರು. "ನೋಡಪ್ಪಾ, ಮೇಲೆ ನೋಡಿ ಬರೆಯಬೇಡ" ಎಂದರು. ಗಿಡದ ತುಂಬ ಎಲೆಯಿತ್ತು. ಬುಡದಲ್ಲಿ ಒಣಗಿದ ಊಡುಗಳು ಹುರಿದ ದಾರದ ಹಾಗೆ ಜೋತಾಡುತ್ತಿದ್ದವು. ಕಾಯಿ ಎಂದು ಎಣಿಸಬಹುದಾದದ್ದು ಎರಡು. ಬರೆದದ್ದನ್ನು ಅಲ್ಲೇ ಹೊಡೆದುಹಾಕಿದೆ. ಅದಕ್ಕೂ ಮೊದಲು ಎಷ್ಟು ವಾರ, ಎಷ್ಟು ಹಳ್ಳಿಗಳಿಗೆ ಹಾಗೆಯೇ "ಸಾಧಾರಣ" ಎಂದು ಬರೆದಿದ್ದೆನೋ ಎಂಬ ನೋವು ಇಂದಿಗೂ ಹೋಗಿಲ್ಲ.

ಉಪಗ್ರಹದ ಕಣ್ಣಿಗೂ ಇದೇ ಮಿತಿ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ಇವೆರಡರ ಅಂತರದಿಂದ ಸಸ್ಯ ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಬಹಳ ಒಳ್ಳೆಯ ಸಾಧನ; ಇಡೀ ದೇಶದ ಹೊಲಗಳನ್ನು ಮನುಷ್ಯರು ಸುತ್ತಿ ಮುಗಿಸುವಂತಿಲ್ಲ. ಆದರೆ ಅದು ಅಳೆಯುವುದು ಹಸಿರನ್ನು. ಬದುವಿನ ಪಾರ್ಥೇನಿಯಂ ಕೂಡ ಹಸಿರೇ, ಕಾಯಿಲ್ಲದ ಶೇಂಗಾವೂ ಹಸಿರೇ. 2023ರಲ್ಲಿ ಕೇಂದ್ರದ ಅಧ್ಯಯನ ತಂಡ ಬಂದಾಗ ನಮ್ಮ ರಾಜ್ಯ ವಿವರಿಸಬೇಕಾಗಿ ಬಂದದ್ದು ಇದನ್ನೇ. "ಹಸಿರು ಬರ" ಎಂಬ ಮಾತು ಆಗ ಪತ್ರಿಕೆಗಳಲ್ಲೆಲ್ಲ ಬಂತು. ಚದುರಿ ಬಿದ್ದ ಮಳೆಗೆ ಗಿಡ ಹಸಿರಾಗಿ ನಿಂತಿತ್ತು, ಕಾಳು ಕಟ್ಟಿರಲಿಲ್ಲ. ಜೊತೆಗೆ, ಮುಂಗಾರಿನ ಮೋಡ ಕವಿದ ದಿನಗಳಲ್ಲಿ ಇಂಥ ಉಪಗ್ರಹಗಳಿಗೆ ನೆಲವೇ ಕಾಣುವುದಿಲ್ಲ. ಮೋಡದಾಚೆಗೂ ನೋಡಬಲ್ಲ ರೇಡಾರ್ ಉಪಗ್ರಹಗಳಿವೆ. 2025ರ ಜುಲೈಯಲ್ಲಿ ಶ್ರೀಹರಿಕೋಟಾದಿಂದ ಹಾರಿದ ನೈಸಾರ್ ಅಂಥದ್ದು. ಮಣ್ಣಿನ ತೇವವನ್ನು ಹೊಲದ ಮಟ್ಟದಲ್ಲಿ ತಿಳಿಯಲು ಅದರಿಂದ ಅನುಕೂಲವಾಗಲಿ ಎಂಬುದು ನನ್ನ ದೊಡ್ಡ ಆಸೆ.

ಹಾಗಾದರೆ ದೇಶದ ಬೆಳೆಯ ಮೇಲೆ ನಿಗಾ ಇಡುವುದು ಹೇಗೆ? ಒಂದೇ ಕಣ್ಣಿನಿಂದ ಆಗದ ಕೆಲಸ ಅದು. ದೆಹಲಿಯಲ್ಲಿ ಕೃಷಿ ಸಚಿವಾಲಯದವರು ವಾರವಾರವೂ ಕುಳಿತು ಮಳೆ, ಬಿತ್ತನೆ, ಜಲಾಶಯದ ಮಟ್ಟ, ಕೀಟಬಾಧೆಯ ವರದಿಗಳನ್ನು ಒಟ್ಟಿಗೆ ನೋಡುತ್ತಾರೆ. ಬೆಳೆಯ ಮುನ್ನಂದಾಜಿಗೆಂದೇ 2012ರಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರಕ್ಕೆ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಹೆಸರಿದೆ. ಅದು ತಕ್ಕ ಹೆಸರು. ಬಂಗಾಳದ ಸೆಣಬಿನ ಹೊಲಗಳಲ್ಲಿ ಮಾದರಿ ಸಮೀಕ್ಷೆ ನಡೆಸಿ, ಕೆಲವೇ ತುಂಡು ನೆಲವನ್ನು ಸರಿಯಾಗಿ ಆರಿಸಿ ಅಳೆದರೆ ಇಡೀ ಪ್ರಾಂತ್ಯದ ಬೆಳೆ ತಿಳಿಯುತ್ತದೆ ಎಂದು ತೋರಿಸಿದವರು ಅವರು. ಇಂದು ಹೊಲದಲ್ಲಿ ಹಗ್ಗ ಹಿಡಿದು ಚೌಕ ಹಾಕಿ, ಅದರೊಳಗಿನ ಬೆಳೆ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗವೂ ಅದೇ ವಂಶದ್ದು. ಬೆಳೆ ವಿಮೆಯ ಪರಿಹಾರ ನಿಂತಿರುವುದು ಮುಖ್ಯವಾಗಿ ಆ ತೂಕದ ಮೇಲೆ.

ಮಳೆಯನ್ನು ಅಳೆಯುವುದರಲ್ಲಿ ಕರ್ನಾಟಕ ಬಹಳ ಮುಂದಿದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆ ಇಂದು ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿದ್ದು, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ಅವರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಮಳೆಯ ಮುನ್ಸೂಚನೆ ಕೇಳಬಹುದು. ಇಷ್ಟಿದ್ದರೂ ಒಂದು ಪಂಚಾಯಿತಿಯಲ್ಲಿ ನಾಲ್ಕಾರು ಊರುಗಳಿರುತ್ತವೆ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂಥ ಮಳೆ ಎಂದು ಸುಮ್ಮನೆ ಹೇಳುವುದಿಲ್ಲ.

ಬಿದ್ದ ಮಳೆ ಎಷ್ಟು ದಿನ ನಿಲ್ಲುತ್ತದೆ ಎಂಬುದು ಮಣ್ಣಿಗೆ ಬಿಟ್ಟದ್ದು. ಒಂದು ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಒಂದೇ ರಾತ್ರಿ ಎಪ್ಪತ್ತು ಮಿಲಿಮೀಟರ್ ಸುರಿದರೆ ಪಟ್ಟಿಯಲ್ಲಿ ಅಷ್ಟೂ ದಾಖಲಾಗುತ್ತದೆ, ಹೊಲದಲ್ಲಿ ಒಂದು ಪಾಲು ಹಳ್ಳಕ್ಕೆ ಹರಿದುಹೋಗಿರುತ್ತದೆ. ಗದಗ, ವಿಜಯಪುರದ ಎರೆಮಣ್ಣು ಹಿಂಗಾರಿನ ಜೋಳವನ್ನು ಒಳಗಿನ ತೇವದಿಂದಲೇ ಸಾಕುತ್ತದೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ವಾರ ಕಳೆಯುವುದರೊಳಗೆ ಗಿಡ ಬಾಡತೊಡಗುತ್ತದೆ. ಅಷ್ಟೇ ಮಳೆ, ಅಷ್ಟೇ ದಿನದ ಬಿಡುವು, ಫಲ ಮಾತ್ರ ಬೇರೆ.

ಬರ ಘೋಷಣೆಯ ಕೇಂದ್ರ ಕೈಪಿಡಿ 2016ರಲ್ಲಿ ಬದಲಾಯಿತು. ಅದರಲ್ಲಿ ಒಟ್ಟು ಮಳೆಯ ಕೊರತೆಯ ಜೊತೆಗೆ ಮಳೆ ಕೈಕೊಟ್ಟ ಸತತ ವಾರಗಳನ್ನೂ ಎಣಿಸುತ್ತಾರೆ. ಆಮೇಲೆ ಬಿತ್ತನೆ ಪ್ರದೇಶ, ಸಸ್ಯ ಸೂಚ್ಯಂಕ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ ನೋಡಿ, ಕೊನೆಗೆ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಇಳಿದು ಪರಿಶೀಲಿಸಬೇಕು. ನನ್ನ ಮಟ್ಟಿಗೆ ಆ ಕೊನೆಯ ಹಂತವೇ ಅತಿ ಮುಖ್ಯ. ಅದಕ್ಕೆ ಕೊಡುವ ಸಮಯ ಮತ್ತು ಜನ ಸಾಲದು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮುನ್ಸೂಚನೆಯನ್ನು ಊರಿನ ಬೆಳೆಗೆ ಹೊಂದಿಸಿ ಹೇಳುವವರು ಅಲ್ಲಿದ್ದರು.

ಪ್ರಶ್ನೆ ಕೇಳಿದವರಿಗೆ ನಾನು ಕೊಡುವ ಸಲಹೆ ಇಷ್ಟು. ಬಿತ್ತಿದ ದಿನವನ್ನು ಬರೆದಿಡಿ, ಮಳೆ ಬಂದ ದಿನಗಳನ್ನು ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಎದುರು ಯಾವ ಬೆಳೆ ದಾಖಲಾಗಿದೆ ಎಂದು ಅವಧಿ ಮುಗಿಯುವ ಮೊದಲು ನೋಡಿ. ತೊಗರಿ ಬಿತ್ತಿದವರ ಹೆಸರಿನಲ್ಲಿ ಶೇಂಗಾ ಇದ್ದರೆ ಆಕ್ಷೇಪಣೆ ಸಲ್ಲಿಸಿ. ಬೆಳೆ ಕಟಾವು ಪ್ರಯೋಗಕ್ಕೆ ನಿಮ್ಮೂರಿನ ಯಾವ ಸರ್ವೆ ನಂಬರು ಆಯ್ಕೆಯಾಗಿದೆ ಎಂದು ವಿಚಾರಿಸಿ, ತೂಗುವ ದಿನ ಅಲ್ಲಿರಿ. ಅಧಿಕಾರಿಗಳ ತಂಡ ಬಂದಾಗ ರಸ್ತೆಯಲ್ಲಿ ನಿಲ್ಲಿಸಿ ಮಾತನಾಡಬೇಡಿ, ಹೊಲದ ನಡುವಿಗೆ ಕರೆದುಕೊಂಡು ಹೋಗಿ. ನಾಲ್ಕು ಮೂಲೆಯಿಂದ ನಾಲ್ಕು ಗಿಡ ಕಿತ್ತು ಅವರ ಕೈಗೆ ಕೊಡಿ, ಕಾಯಿಯನ್ನು ಅವರೇ ಎಣಿಸಲಿ.